ರಕ್ತಚಂದನ ನಮ್ಮ ಹೊಲದಲ್ಲಿ ಕೆಂಪಾಗುತ್ತದೆಯೇ?

ಪ್ರಶ್ನೆ: ನಾವು ಕುಷ್ಟಗಿ ತಾಲ್ಲೂಕಿನವರು. ಯಜಮಾನರು ತೀರಿಕೊಂಡು ಮೂರು ವರ್ಷವಾಯಿತು. ಊರ ಮರಡಿಯ ಬುಡದಲ್ಲಿ ನಾಲ್ಕು ಎಕರೆ ಮಸಾರಿ (ಕೆಂಪು ಮಣ್ಣಿನ ಹೊಲ) ಇದೆ. ಸಜ್ಜೆ, ಹುರುಳಿ, ಮಳೆ ಕೈಹಿಡಿದ ವರ್ಷ ಶೇಂಗಾ ಬೆಳೆಯುತ್ತೇವೆ. ತವರಿನಿಂದ ಬಂದ ಎರಡೂವರೆ ಎಕರೆ ಎರೆ ಭೂಮಿ ಕಾರಟಗಿ ಕಡೆ ಕಾಲುವೆ ಕೆಳಗಿದೆ. ಅದನ್ನು ಭತ್ತಕ್ಕೆ ಲಾವಣಿ (ಗುತ್ತಿಗೆ) ಕೊಟ್ಟಿದ್ದೇವೆ. ಹೋದ ತಿಂಗಳು ಒಂದು ಕಂಪನಿಯ ಹೆಸರು ಹೇಳಿಕೊಂಡು ಇಬ್ಬರು ಬಂದಿದ್ದರು. ಕಾಲುವೆ ಹೊಲಕ್ಕೆ ರಕ್ತಚಂದನ ಹಚ್ಚಿ, ಎಕರೆಗೆ 600 ಸಸಿ, ಸಸಿಗೆ 150 ರೂಪಾಯಿ, ನೀರಿದ್ದರೆ ಮರ ಬೇಗ ಬಲಿಯುತ್ತದೆ, 15 ವರ್ಷಕ್ಕೆ ಎಕರೆಗೆ ಒಂದೂವರೆ ಕೋಟಿ, ನಾವೇ ಬಂದು ಕೊಳ್ಳುತ್ತೇವೆ ಎಂದು ಛಾಪಾ ಕಾಗದದಲ್ಲಿ ಬರೆದು ಕೊಡುತ್ತಾರಂತೆ. ಅಸಲಿ ಮರ ಎಂದು ಒಂದು ಚಕ್ಕೆಯನ್ನು ಲೋಟದ ನೀರಿಗೆ ಹಾಕಿ, ನೀರು ಕೆಂಪಾದದ್ದನ್ನು ತೋರಿಸಿದರು. ಮೈದುನನಿಗೆ ಮನಸ್ಸಾಗಿದೆ. ಬೆಂಗಳೂರಿನಲ್ಲಿರುವ ಮಗ ‘ಹಚ್ಚಿ ಮರೆತುಬಿಡೋಣ’ ಎನ್ನುತ್ತಾನೆ. ನನಗೆ ಭಯ. ಆ ಮರ ಬೆಳೆಸಿದರೆ ಪೊಲೀಸರು ಹಿಡಿಯುತ್ತಾರೆ, ಬಲಿತ ಮೇಲೆ ಸರ್ಕಾರ ಒಯ್ಯುತ್ತದೆ ಎನ್ನುವವರಿದ್ದಾರೆ. ಹಾವು ಬರುತ್ತವೆ ಎನ್ನುವವರೂ, ಪಕ್ಕದಲ್ಲಿ ಇನ್ನೊಂದು ಮರ ಇರದಿದ್ದರೆ ಬದುಕುವುದಿಲ್ಲ ಎನ್ನುವವರೂ ಇದ್ದಾರೆ. ಏನು ಮಾಡಲಿ? ಮಾಡುವುದಾದರೆ ಯಾವ ಹೊಲಕ್ಕೆ?

ಉತ್ತರ: ಅಮ್ಮಾ, ನೀವು ಕೊನೆಗೆ ಕೇಳಿದ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ. ಬಂದವರು ಕೇಳಿದ್ದು ನಿಮ್ಮ ಕಾಲುವೆ ಹೊಲ. ಆ ಮರಕ್ಕೆ ಬೇಕಾದದ್ದು ನಿಮ್ಮ ಮರಡಿ ಹೊಲ. ಗಿಡ ಮಾರುವವನಿಗೆ ಗಿಡದ ಊರು ಯಾವುದೆಂದು ತಿಳಿಯದಿದ್ದರೆ ಅವನು ಮಾರುತ್ತಿರುವುದು ಗಿಡವಲ್ಲ, ಬರಿಯ ಹೆಸರು. ನಿಮ್ಮ ಭಯ ಪೊಲೀಸರದು, ಹಾವಿನದು. ನನ್ನದು ಬೇರೆ: 15 ವರ್ಷ ನೀರುಣಿಸಿ, ಲಾವಣಿಯ ಆದಾಯವನ್ನೂ ಬಿಟ್ಟು, ಕೊನೆಗೆ ಗರಗಸ ಹಾಕಿದ ದಿನ ಒಳಗೆ ಕೆಂಪೇ ಇಲ್ಲದಿದ್ದರೆ?

ಮೊದಲು ಆ ಲೋಟದ ನೀರಿನ ವಿಷಯ. ಅದನ್ನು ಓದಿ ನಕ್ಕುಬಿಟ್ಟೆ, ಕ್ಷಮಿಸಿ. ರಕ್ತಚಂದನದ ಕೆಂಪು ಬಣ್ಣ ಸ್ಯಾಂಟಲಿನ್ ಎಂಬ ವಸ್ತುವಿನದು, ಅದು ನೀರಿನಲ್ಲಿ ಕರಗುವ ಜಾತಿಯದಲ್ಲ. ಸ್ಪಿರಿಟ್‌ಗೆ ಹಾಕಿದರೆ ರಕ್ತದಂತೆ ಬಿಡುತ್ತದೆ; ತಣ್ಣೀರಿಗೆ ಹಾಕಿದರೆ ಚಕ್ಕೆ ತನ್ನ ಪಾಡಿಗೆ ತಾನು ಮುಳುಗಿ ಕೂರುತ್ತದೆ. ಹೌದು, ತೇಲುವುದಿಲ್ಲ, ಮುಳುಗುತ್ತದೆ, ಅಷ್ಟು ಭಾರದ ಮರ ಅದು. ಕಲ್ಲಿನ ಮೇಲೆ ತೇಯ್ದಾಗ ಬರುವ ಕೆಂಪು ಲೇಪ ಕರಗಿದ ಬಣ್ಣವಲ್ಲ, ಮರದ ನುಣ್ಣನೆಯ ಪುಡಿ. ಲೋಟದ ನೀರನ್ನು ನೋಡನೋಡುತ್ತಲೇ ಕೆಂಪು ಮಾಡುವ ಮರ ಬೇರೆಯೇ ಇದೆ. ಅದರ ಹೆಸರು ಪತಂಗ, ಸಪ್ಪಂಗ ಎಂದೂ ಕರೆಯುತ್ತಾರೆ. ಕೇರಳದ ಹೋಟೆಲುಗಳಲ್ಲಿ ಕುಡಿಯಲು ಕೊಡುವ ನಸುಗೆಂಪು ಬಿಸಿನೀರಿಗೆ ಹಾಕುವುದು ಅದರದೇ ಚಕ್ಕೆ. ಹಾಗಾಗಿ ಬಂದವರು ತೋರಿಸಿದ್ದು ಪತಂಗವೋ, ಬಣ್ಣ ಹಚ್ಚಿದ ಸೌದೆಯೋ ಗೊತ್ತಿಲ್ಲ. ರಕ್ತಚಂದನವಂತೂ ಅಲ್ಲ.

ಹಾವು ಮತ್ತು ಪಕ್ಕದ ಮರದ ಮಾತಿಗೆ ಬರೋಣ. ಎರಡೂ ಹೆಸರಿನಿಂದ ಹುಟ್ಟಿದ ಗೊಂದಲ. ಶ್ರೀಗಂಧಕ್ಕೂ ರಕ್ತಚಂದನಕ್ಕೂ ‘ಚಂದನ’ ಎಂಬ ಮಾತು ಬಿಟ್ಟರೆ ನಂಟಿಲ್ಲ. ಶ್ರೀಗಂಧದ ಬೇರು ನೆರೆಯ ಗಿಡದ ಬೇರಿಗೆ ಕೊಂಡಿ ಹಾಕಿ ಆಹಾರ ಹೀರುತ್ತದೆ, ಅದಕ್ಕೇ ಅದರ ಜೊತೆಗೆ ತೊಗರಿಯನ್ನೋ ಸರ್ವೆಯನ್ನೋ ಹಚ್ಚುತ್ತಾರೆ. ರಕ್ತಚಂದನಕ್ಕೆ ಆ ಹಂಗಿಲ್ಲ. ಅದು ನಮ್ಮ ಹೊನ್ನೆ ಮರದ ಒಡಹುಟ್ಟು, ದ್ವಿದಳ ಕುಟುಂಬದ ಮರ. ಸಸ್ಯಶಾಸ್ತ್ರದ ವಂಶಾವಳಿ ನೋಡಿದರೆ ಶ್ರೀಗಂಧಕ್ಕಿಂತ ನೀವು ಬಿತ್ತುವ ಶೇಂಗಾವೇ ಅದಕ್ಕೆ ಹತ್ತಿರದ ನೆಂಟ. ಶ್ರೀಗಂಧದ ಹಾಗೆ ಪರಿಮಳವೂ ಇಲ್ಲ. ಶ್ರೀಗಂಧಕ್ಕೇ ಹಾವು ಸುತ್ತಿಕೊಳ್ಳುತ್ತದೆ ಎಂಬುದು ಕವಿಗಳ ಮಾತು, ಇನ್ನು ವಾಸನೆಯೇ ಇಲ್ಲದ ಮರಕ್ಕೆ ಅವು ಯಾಕೆ ಬಂದಾವು? ಇಲಿ ಇದ್ದಲ್ಲಿ ಹಾವು ಇರುತ್ತದೆ. ಆ ಲೆಕ್ಕದಲ್ಲಿ ನಿಮ್ಮ ಭತ್ತದ ಗದ್ದೆಯಲ್ಲೇ ಹೆಚ್ಚು.

ಈಗ ಆ ಮರದ ಊರಿಗೆ ಹೋಗೋಣ. ರಕ್ತಚಂದನ ಕಾಡಿನಲ್ಲಿ ತಾನಾಗಿ ಬೆಳೆಯುವ ಜಾಗ ಭೂಮಿಯ ಮೇಲೆ ಬಹಳ ಚಿಕ್ಕದು. ಆಂಧ್ರದ ದಕ್ಷಿಣ ಭಾಗದ ಪೂರ್ವಘಟ್ಟ, ಅಂದರೆ ತಿರುಪತಿಯ ಶೇಷಾಚಲ, ಕಡಪದ ಪಾಲಕೊಂಡ ಮತ್ತು ಲಂಕಮಲ, ನೆಲ್ಲೂರಿನ ಕಡೆಯ ವೆಲಿಗೊಂಡ, ನಲ್ಲಮಲದ ಒಂದಿಷ್ಟು ಭಾಗ, ತಮಿಳುನಾಡಿನ ಗಡಿಯಲ್ಲಿ ಅಲ್ಲಲ್ಲಿ. ಅಷ್ಟೇ. ಬಳ್ಳಾರಿಯಿಂದ ಹೊರಟರೆ ಅರ್ಧ ದಿನದಲ್ಲಿ ಕಡಪ ತಲುಪಬಹುದು, ಆದರೂ ಈ ಮರ ತಾನಾಗಿ ಗುಡ್ಡ ಹತ್ತಿ ಇಳಿದು ನಮ್ಮ ಸಂಡೂರಿಗೆ ಬರಲಿಲ್ಲ. ಯಾಕೆ ಬರಲಿಲ್ಲ ಎಂಬ ಪ್ರಶ್ನೆಯಲ್ಲೇ ನಿಮ್ಮ ಉತ್ತರದ ಅರ್ಧ ಇದೆ.

ಆ ಬೆಟ್ಟಗಳ ಕಲ್ಲು ನಮ್ಮದಲ್ಲ. ನಮ್ಮ ಕೊಪ್ಪಳ, ಗಂಗಾವತಿ, ಹಂಪಿಯ ಕಡೆಯದು ಗ್ರಾನೈಟಿನ ಗುಂಡು. ಅದು ಸವೆದು ಮಸಾರಿಯಾಗುತ್ತದೆ. ಅಲ್ಲಿಯದು ಕ್ವಾರ್ಟ್‌ಜೈಟ್, ಅಂದರೆ ಮರಳೇ ಬೆಂದು ಕಲ್ಲಾದಂಥದ್ದು, ಪದರ ಪದರವಾಗಿ ಸೀಳಿಕೊಂಡಿರುತ್ತದೆ. ಮಣ್ಣು ಗೇಣುದ್ದವೂ ಇರುವುದಿಲ್ಲ. ಬೇರು ಕಲ್ಲಿನ ಬಿರುಕಿನೊಳಗೆ ಇಳಿಯುತ್ತದೆ. ಮಳೆ ಬಿದ್ದ ನೀರು ಗಳಿಗೆಯೂ ನಿಲ್ಲದೆ ಇಳಿದುಹೋಗುತ್ತದೆ. ಆದರೆ ಆ ಮಳೆ ವರ್ಷಕ್ಕೆ ಎರಡು ಸಲ ಬರುತ್ತದೆ: ನಮ್ಮ ಹಾಗೆ ಮುಂಗಾರು ಒಮ್ಮೆ, ಅಕ್ಟೋಬರ್–ನವೆಂಬರ್‌ನಲ್ಲಿ ಬಂಗಾಳಕೊಲ್ಲಿಯ ಕಡೆಯಿಂದ ಇನ್ನೊಮ್ಮೆ. ಎರಡೂ ಸೇರಿ ಸಾವಿರ ಮಿಲಿಮೀಟರ್ ಆಸುಪಾಸು. ನಮ್ಮಲ್ಲಿ ಆರುನೂರರ ಆಚೀಚೆ, ಅದೂ ದೇವರಿಗೆ ಮನಸ್ಸಾದರೆ. ಅಂದರೆ ನೆಲ ಬಡವ, ಬಿಸಿಲು ಕೆಂಡ, ಮಳೆ ಮಾತ್ರ ನಮಗಿಂತ ಒಂದು ಹಿಡಿ ಹೆಚ್ಚು, ನೀರು ನಿಲ್ಲುವ ಮಾತೇ ಇಲ್ಲ. ಇದು ಆ ಮರ ಒಗ್ಗಿಕೊಂಡ ಬಾಳು. ಜನವರಿ ದಾಟಿದರೆ ಎಲೆ ಉದುರಿಸಿ ಬೋಳಾಗುತ್ತದೆ, ಬೇಸಿಗೆಯಲ್ಲಿ ಹಳದಿ ಹೂ ಬಿಡುತ್ತದೆ. ತೊಗಟೆ ಮೊಸಳೆಯ ಬೆನ್ನಿನಂತೆ ಚೌಕ ಚೌಕವಾಗಿ ಬಿರಿದಿರುತ್ತದೆ. ಒಮ್ಮೆ ನೋಡಿದವರು ಮರೆಯುವುದಿಲ್ಲ. ಅದರ ನೆರೆಹೊರೆಯವರು ದಿಂಡಿಗ, ಹುರುಗಲು, ಕಮರ. ಈ ಕಮರದ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ಕೆಂಪಿನ ವಿಷಯ. ಇಡೀ ವ್ಯಾಪಾರ ನಿಂತಿರುವುದು ಇದರ ಮೇಲೆ, ಬಂದವರು ನಿಮಗೆ ಹೇಳದೆ ಬಿಟ್ಟದ್ದೂ ಇದನ್ನೇ. ಯಾವುದೇ ಜಾಲಿಯ ದಿಮ್ಮಿಯನ್ನು ಅಡ್ಡ ಕೊಯ್ದು ನೋಡಿ: ಹೊರಗೆ ಬಿಳಿಯ ಉಂಗುರ, ಒಳಗೆ ಕಪ್ಪು ಗಟ್ಟಿ ಭಾಗ. ಒಳಗಿನದನ್ನು ಕೆಚ್ಚು ಎನ್ನುತ್ತೇವೆ, ಬಡಿಗರು ಚೇಗು ಎನ್ನುವುದೂ ಉಂಟು. (ಕೆಚ್ಚೆದೆ ಎಂಬ ಮಾತಿನ ಬೇರು ಇಲ್ಲಿಯೇ ಇದೆ.) ಹೊರಗಿನ ಬಿಳಿ ಭಾಗ ಬೇರಿನಿಂದ ಎಲೆಗೆ ನೀರು ಸಾಗಿಸುವ ಕೊಳವೆಗಳ ಕಟ್ಟು, ಅದರಲ್ಲಿ ಜೀವವಿರುತ್ತದೆ. ಕಾಂಡ ದಪ್ಪವಾದಂತೆ ಒಳಗಿನ ಹಳೆಯ ಕೊಳವೆಗಳ ಕೆಲಸ ಮುಗಿಯುತ್ತದೆ. ಆಗ ಅಲ್ಲಿನ ಜೀವಕೋಶಗಳು ಕೂಡಿಟ್ಟುಕೊಂಡ ಹಿಟ್ಟನ್ನು ಬಣ್ಣವಾಗಿ, ಅಂಟಾಗಿ ಬದಲಿಸಿ, ಕೊಳವೆಗಳಿಗೆ ತುಂಬಿ, ತಾವು ಸಾಯುತ್ತವೆ. ರಕ್ತಚಂದನದ ಕೆಂಪು ಎಂದರೆ ಇದೇ. ಮರ ತನಗೆ ಇನ್ನು ಬೇಡವಾದ ಒಳಕೋಣೆಗೆ ಬೀಗ ಹಾಕುವಾಗ ಬಳಿಯುವ ಬಣ್ಣ ಅದು.

ಯಾವ ಮರ ಬೇಗ ಬೀಗ ಹಾಕುತ್ತದೆ? ಎಲೆಯ ಕೊಡೆ ಚಿಕ್ಕದಾಗಿ, ನೀರು ಕಡಿಮೆ ಇರುವ ಮರಕ್ಕೆ ಅಗಲವಾದ ಬಿಳಿ ಭಾಗ ಬೇಕಾಗುವುದಿಲ್ಲ. ಕಡಪದ ಕಲ್ಲಿನ ಮೇಲೆ ನಿಂತ ತೋಳು ಗಾತ್ರದ ಮರದಲ್ಲೂ ಕೆಂಪು ತೊಗಟೆಯ ಸಮೀಪದವರೆಗೆ ಬಂದಿರುತ್ತದೆ. ಅದೇ ಮರಕ್ಕೆ ಕಾಲುವೆ ನೀರು, ಯೂರಿಯಾ ಕೊಡಿ. ಕೊಡೆ ಹರಡುತ್ತದೆ, ಅಷ್ಟೊಂದು ಎಲೆಗೆ ನೀರು ಏರಿಸಲು ಬಿಳಿ ಭಾಗ ಅಗಲವಾಗುತ್ತಲೇ ಹೋಗುತ್ತದೆ. ನೋಡುವವರಿಗೆ ಮರ ಬೆಳೆಯಿತು ಎನ್ನಿಸುತ್ತದೆ. ಬೆಳೆದದ್ದು ಬಿಳಿ. ಕೆಲವು ವರ್ಷಗಳ ಹಿಂದೆ ಕಾಲುವೆ ಸೀಮೆಯ ಒಂದು ತೋಟದಲ್ಲಿ ಗಾಳಿಗೆ ಉರುಳಿದ ಮರವೊಂದನ್ನು ನೋಡಲು ನನ್ನನ್ನು ಕರೆದಿದ್ದರು. ಹಚ್ಚಿ 14 ವರ್ಷವಾಗಿತ್ತು, ಗಂಡಸಿನ ತೊಡೆಯಷ್ಟು ದಪ್ಪ, ನೆಟ್ಟಗೆ ಕಂಬದ ಹಾಗೆ. ಮಾಲೀಕರ ಮನೆಯವರೆಲ್ಲ ಸುತ್ತ ನಿಂತಿದ್ದರು. ಗರಗಸ ಆಚೆ ಬಂದಾಗ ನಡುವೆ ಕಂಡದ್ದು ಹೆಬ್ಬೆರಳಿನಷ್ಟು ಕೆಂಪು. ಉಳಿದದ್ದು ಸೌದೆ. ಯಾರೂ ಮಾತಾಡಲಿಲ್ಲ. ಆಮೇಲೆ ಹಿರಿಯರೊಬ್ಬರು ‘ಚಹಾ ಕುಡಿದು ಹೋಗಿ’ ಎಂದರು.

ಬಲಿತ ಕೆಚ್ಚು ಬೇಕೆಂದರೆ 25 ವರ್ಷವಾದರೂ ಬೇಕು, ಒಣನೆಲದಲ್ಲಿ ಇನ್ನೂ ಹೆಚ್ಚು. ಹದಿನೈದು ಎಂಬುದು ಮಾರುವವರ ಅನುಕೂಲದ ಲೆಕ್ಕ. ಹತ್ತು ಎಂದರೆ ನಂಬುವುದಿಲ್ಲ, ಮೂವತ್ತು ಎಂದರೆ ಕೊಳ್ಳುವುದಿಲ್ಲ. ಇನ್ನೂ ಒಂದು ಮಾತು. ಜಗತ್ತಿನ ಮಾರುಕಟ್ಟೆಯಲ್ಲಿ ಹುಬ್ಬೇರಿಸುವ ಬೆಲೆ ಇರುವುದು ಎಲ್ಲ ರಕ್ತಚಂದನಕ್ಕೂ ಅಲ್ಲ, ಅಲೆಅಲೆಯಾಗಿ ನಾರು ಓಡಿದ ದಿಮ್ಮಿಗೆ. ಜಪಾನಿನ ಶಾಮಿಸೆನ್ ಎಂಬ ತಂತಿವಾದ್ಯಕ್ಕೆ, ಚೀನಾದ ಶ್ರೀಮಂತರ ಪೀಠೋಪಕರಣಕ್ಕೆ ಬೇಕಾಗುವುದು ಅಂಥದ್ದು. ಆ ಅಲೆ ಕಾಡಿನಲ್ಲೂ ಅಪರೂಪ, ನೆಟ್ಟ ತೋಟದಲ್ಲಿ ಇನ್ನೂ ಅಪರೂಪ. ಸಸಿ ನೋಡಿ ‘ಇದು ಅಲೆ ನಾರಿನ ತಳಿ’ ಎಂದು ಯಾರಾದರೂ ಹೇಳಿದರೆ, ಕರು ಹುಟ್ಟುವ ಮೊದಲೇ ಹಾಲಿನ ಡಿಗ್ರಿ ಹೇಳಿದ ಹಾಗೆ.

ಇಷ್ಟು ತಿಳಿದ ಮೇಲೆ ನಿಮ್ಮ ಎರಡು ಹೊಲಗಳ ಮಾತು ಸುಲಭ. ಕಾರಟಗಿಯ ಎರೆ ಭೂಮಿಗೆ ಈ ಮರ ಬೇಡವೇ ಬೇಡ. ಎರೆ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ. ಬಿರಿಯುವಾಗ ಎಳೆ ಬೇರುಗಳನ್ನು ಹರಿದುಹಾಕುತ್ತದೆ. ಸುತ್ತ ಭತ್ತ ಇದ್ದರೆ ನಿಮ್ಮ ಹೊಲಕ್ಕೆ ನೀರು ಬಿಡದಿದ್ದರೂ ನೆರೆಯ ಗದ್ದೆಯ ಬಸಿನೀರು ಬಂದೇ ಬರುತ್ತದೆ. ರಕ್ತಚಂದನದ ಬೇರು ಒಣಗನ್ನು ಸಹಿಸುತ್ತದೆ, ಉಸಿರು ಕಟ್ಟುವುದನ್ನು ಸಹಿಸುವುದಿಲ್ಲ. ಕಾಲುವೆ ಬಂದ ಮೇಲೆ ತುಂಗಭದ್ರಾ ಎಡದಂಡೆಯ ಎಷ್ಟೋ ಹೊಲಗಳು ಜೌಗು ಹಿಡಿದು ಚೌಳಾದದ್ದನ್ನು ನಿಮ್ಮ ತವರಿನವರೇ ನೋಡಿದ್ದಾರೆ. ಭತ್ತಕ್ಕೇ ಮೇಲೇಳಲಾಗದ ಚೌಳಿನಲ್ಲಿ ಕಡಪದ ಕಲ್ಲುಬೆಟ್ಟದ ಮರ ಏನು ಮಾಡೀತು? ಲಾವಣಿ ನಡೆಯಲಿ. ಅಲ್ಲಿಯೂ ಮರ ಬೇಕೇಬೇಕು ಎನ್ನಿಸಿದರೆ ಕಾಲುವೆಯ ಬದಿಗೆ ಹೊಂಗೆ ಇಡಿ, ಇಲ್ಲವೇ ಕರಿಜಾಲಿ. ಎರೆಯಲ್ಲಿ ಹುಟ್ಟಿ, ಎರೆಯಲ್ಲಿ ಬೆಳೆದು, ನೀರು ನಿಂತರೂ ಮುನಿಯದ ಮರ ಜಾಲಿ. ಬಂಡಿಯ ಗಾಲಿ, ನೇಗಿಲು ಎಲ್ಲ ಆಗುತ್ತಿದ್ದುದು ಅದರಿಂದಲೇ. ಅದಕ್ಕೆ ಏಜೆಂಟರಿಲ್ಲ, ಅಷ್ಟೇ.

ಮರಡಿಯ ಬುಡದ ಮಸಾರಿ ಬೇರೆ ಕಥೆ. ಅಲ್ಲಿ ಅದು ಬದುಕುತ್ತದೆ. ಗರಸು ಕೂಡಿದ ಕೆಂಪು ನೆಲ, ಇಳಿಜಾರು, ನೀರು ನಿಲ್ಲುವುದಿಲ್ಲ, ಬಿಸಿಲಿಗೆ ಬರವಿಲ್ಲ. ಕೊರತೆ ಮಳೆಯದು. ಹಿಂಗಾರು ಅಲ್ಲಿನಷ್ಟು ನಮ್ಮಲ್ಲಿ ಬಾರದು. ಹಾಗಾಗಿ ಬೆಳವಣಿಗೆ ಅಲ್ಲಿಗಿಂತಲೂ ನಿಧಾನ, ಮೊದಲ ವರ್ಷಗಳಲ್ಲಿ ಸಾಯುವ ಸಸಿಗಳೂ ಹೆಚ್ಚು. ಬಳ್ಳಾರಿ, ರಾಯಚೂರು ಕಡೆಯ ಒಣ ಗರಸಿನಲ್ಲಿ ಹಚ್ಚಿದ ಮರಗಳನ್ನು ನೋಡಿದ್ದೇನೆ. ಗಿಡ್ಡ, ಗಂಟುಗಂಟು, ನೋಡಲು ಏನೂ ಅಲ್ಲ. ಆದರೆ ಕೊಂಬೆ ಮುರಿದ ಗಾಯದಲ್ಲಿ ಕೆಂಪು ಇಣುಕುತ್ತಿತ್ತು.

ಈಗ ಕಾನೂನು. ನಿಮ್ಮ ಸ್ವಂತ ಭೂಮಿಯಲ್ಲಿ ರಕ್ತಚಂದನ ಬೆಳೆಸುವುದು ಅಪರಾಧವಲ್ಲ. ಸರ್ಕಾರ ಒಯ್ಯುತ್ತದೆ ಎಂಬ ಭಯ ಶ್ರೀಗಂಧದ ಹಳೆಯ ಕಾನೂನಿನಿಂದ ಬಂದದ್ದು. ಒಂದು ಕಾಲದಲ್ಲಿ ಶ್ರೀಗಂಧ ಯಾರ ಹೊಲದಲ್ಲಿ ಹುಟ್ಟಿದರೂ ಸರ್ಕಾರದ್ದೇ ಆಗಿತ್ತು. ಜನ ತಮ್ಮ ಹೊಲದಲ್ಲಿ ಸಸಿ ಕಂಡರೆ ರಾತ್ರೋರಾತ್ರಿ ಕಿತ್ತೊಗೆಯುತ್ತಿದ್ದರು. ಕರ್ನಾಟಕದಲ್ಲಿ 2001ರ ತಿದ್ದುಪಡಿಯ ನಂತರ ಭೂಮಾಲೀಕನೇ ಶ್ರೀಗಂಧದ ಮಾಲೀಕ. ಕಾನೂನು ಹೋಯಿತು, ಭಯ ಉಳಿಯಿತು, ರಕ್ತಚಂದನಕ್ಕೂ ಅಂಟಿತು. ಆದರೆ ಬೆಳೆಸುವುದು ಬೇರೆ, ಕಡಿಯುವುದು ಬೇರೆ, ಸಾಗಿಸುವುದು ಬೇರೆ. ನಮ್ಮ ರಾಜ್ಯದಲ್ಲಿ ಮರ ಕಡಿಯುವುದಕ್ಕೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಅರ್ಜಿ ಕೊಟ್ಟು ಅನುಮತಿ ಪಡೆದು ಕಡಿಯಬೇಕು, ದಿಮ್ಮಿ ಹೊಲ ದಾಟಬೇಕಾದರೆ ಸಾಗಣೆ ರಹದಾರಿ ಬೇಕು. ರಹದಾರಿ ಇಲ್ಲದ ರಕ್ತಚಂದನ ಲಾರಿಯಲ್ಲಿ ಸಿಕ್ಕರೆ ಅದು ನಿಮ್ಮ ಹೊಲದ್ದೋ ಶೇಷಾಚಲದ್ದೋ ಎಂದು ದಾರಿಯಲ್ಲಿ ತಡೆದವನಿಗೆ ತಿಳಿಯುವುದಿಲ್ಲ. ಅದನ್ನು ತೋರಿಸಬೇಕಾದದ್ದು ನಿಮ್ಮ ಕಾಗದ. ಆದ್ದರಿಂದ ಹಚ್ಚಿದ ವರ್ಷವೇ ಸಸಿ ಕೊಂಡ ರಸೀದಿ ಇಟ್ಟುಕೊಂಡು, ಗ್ರಾಮ ಆಡಳಿತಾಧಿಕಾರಿಗೆ ಹೇಳಿ ಪಹಣಿಯಲ್ಲಿ ಮರಗಳನ್ನು ನಮೂದಿಸಿ. ಪಹಣಿ ಇನ್ನೂ ಯಜಮಾನರ ಹೆಸರಿನಲ್ಲೇ ಇದ್ದರೆ ಸಸಿಗಿಂತ ಮೊದಲು ಪೌತಿ ಖಾತೆ ಮಾಡಿಸಿ. ಇಪ್ಪತ್ತೈದು ವರ್ಷದ ಮರ ಕಡಿಯುವ ಹೊತ್ತಿಗೆ ಖಾತೆ ಯಾರದೆಂದು ಹುಡುಕುತ್ತಾ ಕೂತರೆ ಆಗದು. ಹಾಗೆಯೇ ಗಡಿಯ ಬದುವಿನ ಮೇಲೆ ಹಚ್ಚಬೇಡಿ, ಒಳಗೆ ಒಂದೆರಡು ಮಾರು ಬಿಡಿ. ಹುಣಸೆ ಮರದ ಕಾಯಿಗೇ ಬದುವಿನ ಜಗಳ ಕೋರ್ಟಿಗೆ ಹೋದ ಊರು ನಮ್ಮದು.

ಬೆಲೆಯ ಬಗ್ಗೆ. ನೀವು ಕೇಳಿದ ಬೆಲೆ ಎಲ್ಲಿಂದ ಬರುತ್ತದೆ ಗೊತ್ತೇ? ಆಂಧ್ರದಲ್ಲಿ ಕಳ್ಳಸಾಗಣೆಯಲ್ಲಿ ಸಿಕ್ಕ ದಿಮ್ಮಿಗಳನ್ನು ಸರ್ಕಾರ ಹರಾಜು ಹಾಕುತ್ತದೆ. ಅದರಲ್ಲಿ ಮೊದಲ ದರ್ಜೆಯ ಕಾಡಿನ ಕೆಚ್ಚಿಗೆ ಬಂದ ಬೆಲೆಯೇ ಮೊಬೈಲ್‌ನಿಂದ ಮೊಬೈಲ್‌ಗೆ ಹಾರುತ್ತದೆ. ಅದು ನೂರು ವರ್ಷ ಕಲ್ಲಿನ ಮೇಲೆ ನಿಂತ ಮರಕ್ಕೂ ಸೇರಿದ ಬೆಲೆ. ಹೊರದೇಶದ ವ್ಯಾಪಾರಕ್ಕೆ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಕಣ್ಣು 1995ರಿಂದ ಈ ಮರದ ಮೇಲಿದೆ. ಕಾಡಿನ ಮರವನ್ನು ಹೊರಗೆ ಕಳಿಸುವಂತಿಲ್ಲ. ಹೊಲದಲ್ಲಿ ಬೆಳೆದದ್ದಕ್ಕೆ ಪರವಾನಗಿಯ ದಾರಿ ಇದೆ, ಆದರೆ ಅದು ಕಾಗದಪತ್ರದ ದಾರಿ, ಎರಡೂವರೆ ಎಕರೆಯ ರೈತರು ಒಬ್ಬರೇ ನಡೆಯುವಂಥದ್ದಲ್ಲ. ಒಳದೇಶದಲ್ಲಿ ಗೊಂಬೆ, ವಿಗ್ರಹ, ಆಯುರ್ವೇದ, ಬಣ್ಣ, ಇಷ್ಟಕ್ಕೆ ಬೇಡಿಕೆ. ಹದಿನೇಳನೆಯ ಶತಮಾನದಲ್ಲಿ ಡಚ್ಚರು ಕೋರಮಂಡಲ ಕರಾವಳಿಯಿಂದ ಹಡಗಿನಲ್ಲಿ ಒಯ್ದದ್ದೂ ಬಟ್ಟೆಯ ಬಣ್ಣಕ್ಕಾಗಿಯೇ. ಆ ಬೆಲೆಯಲ್ಲಿ ರಕ್ತವೂ ಸೇರಿದೆ: 2015ರ ಏಪ್ರಿಲ್‌ನಲ್ಲಿ ಶೇಷಾಚಲದ ಕಾಡಿನಲ್ಲಿ ಪೊಲೀಸರ ಗುಂಡಿಗೆ 20 ಜನ ಸತ್ತರು, ಮರ ಕಡಿಯಲು ಬಂದವರು ಎಂದು ಪೊಲೀಸರು ಹೇಳಿದ ತಮಿಳುನಾಡಿನ ಬಡ ಕೂಲಿಗಳು. ಇದನ್ನು ಹೆದರಿಸಲು ಹೇಳುತ್ತಿಲ್ಲ. ಕಳ್ಳರ ಬೆಲೆಯನ್ನು ರೈತರ ಬೆಲೆ ಎಂದು ತಿಳಿಯಬಾರದು ಎಂದು ಹೇಳುತ್ತಿದ್ದೇನೆ.

ಅವರ ಲೆಕ್ಕವನ್ನೇ ಹಿಡಿದು ನೋಡಿ. ಎಕರೆಗೆ ಒಂದೂವರೆ ಕೋಟಿ, 600 ಮರ, ಅಂದರೆ ಮರವೊಂದಕ್ಕೆ 25 ಸಾವಿರ. ಇದು ನಿಜವಾಗಬೇಕಾದರೆ ಒಂದು ಸಸಿಯೂ ಸಾಯಬಾರದು, ಒಂದು ಮರವನ್ನೂ ತೆಳುಗೊಳಿಸಬಾರದು, ಹದಿನೈದನೆಯ ವರ್ಷಕ್ಕೆ ಪ್ರತಿಯೊಂದರಲ್ಲೂ ಕೆಚ್ಚು ತುಂಬಿರಬೇಕು. ಎಕರೆಗೆ 600 ಎಂದರೆ ಎಂಟೂವರೆ ಅಡಿಗೊಂದು. ಆರೇಳು ವರ್ಷಕ್ಕೆ ಒಂದರ ಕೊಡೆ ಇನ್ನೊಂದಕ್ಕೆ ತಾಗಿ, ಬಿಸಿಲಿಗಾಗಿ ಕಿತ್ತಾಡಿ, ಅರ್ಧ ಸೊರಗುತ್ತವೆ. ಬಿಸಿಲು ಬೇಡುವ ಮರ ಇದು. ನಾಲ್ಕು ಮೀಟರ್ ಅಂತರ ಕೊಟ್ಟರೆ ಎಕರೆಗೆ ಹಿಡಿಯುವುದು 250ರಷ್ಟು. ಉಳಿದ 350 ಸಸಿ ಯಾಕೆ ಬೇಕು ಎಂದರೆ, ಅವರ ಲಾಭ ಇರುವುದು ಮರದಲ್ಲಿ ಅಲ್ಲ, ಸಸಿಯಲ್ಲಿ. ಎಕರೆಗೆ 90 ಸಾವಿರ, ಎರಡೂವರೆಗೆ 2 ಲಕ್ಷ 25 ಸಾವಿರ. ಅದು ಇವತ್ತೇ ಅವರ ಕೈಗೆ ಬರುತ್ತದೆ.

ಛಾಪಾ ಕಾಗದದ ಮಾತು: ಹದಿನೈದು ವರ್ಷದ ಮೇಲೆ ಆ ಕಾಗದ ಹಿಡಿದು ಯಾರ ಬಾಗಿಲು ತಟ್ಟುತ್ತೀರಿ? ಕೊಳ್ಳುವ ಬೆಲೆ ಅಂಕಿಯಲ್ಲಿ ಇದೆಯೇ, ಇಲ್ಲ ‘ಅಂದಿನ ಮಾರುಕಟ್ಟೆ ದರ’ ಎಂದಿದೆಯೇ? ಕೊಳ್ಳದಿದ್ದರೆ ಏನು ಕೊಡುತ್ತಾರೆ ಎಂದಿದೆಯೇ? ತೊಂಬತ್ತರ ದಶಕದಲ್ಲಿ ತೇಗದ ಗಿಡದ ಹೆಸರಿನಲ್ಲಿ ದೇಶದ ತುಂಬ ಬಾಂಡ್ ಮಾರಿದರು. ನಮ್ಮ ಕಡೆಯ ಮೇಷ್ಟ್ರುಗಳು, ಬ್ಯಾಂಕಿನವರು, ನಾಲ್ಕಕ್ಷರ ಕಲಿತವರೇ ಹೆಚ್ಚಾಗಿ ಕೊಂಡರು. ಆ ಕಂಪನಿಗಳು ಒಂದೊಂದಾಗಿ ಕಣ್ಮರೆಯಾದ ಮೇಲೆ 1999ರಲ್ಲಿ ಷೇರುಪೇಟೆಯ ನಿಯಂತ್ರಣ ಮಂಡಳಿಯಾದ ಸೆಬಿ ಇಂಥ ಯೋಜನೆಗಳಿಗೆ ನಿಯಮ ತಂದಿತು. ಎಷ್ಟೋ ಮನೆಯ ಟ್ರಂಕಿನಲ್ಲಿ ಆ ಬಾಂಡ್ ಇನ್ನೂ ಇದೆ, ಗಿಡದ ಚಿತ್ರ ಮಾತ್ರ ಚೆಂದ.

ಹಾಗಾದರೆ ಏನು ಮಾಡಬೇಕು? ಏನೂ ಮಾಡದಿರುವುದೂ ಒಂದು ದಾರಿ. ನಾಲ್ಕು ಎಕರೆಯ ಸಜ್ಜೆ–ಹುರುಳಿ ಮನೆಗೆ ಊಟ, ದನಕ್ಕೆ ಮೇವು ಕೊಡುತ್ತಿದೆ, ಅದನ್ನು ಇಡಿಯಾಗಿ ಮರಕ್ಕೆ ಒಪ್ಪಿಸುವುದು ನನಗೆ ಒಪ್ಪಿಗೆಯಲ್ಲ. ನನ್ನನ್ನು ಕೇಳಿದರೆ ಮರಡಿಗೆ ಅಂಟಿದ ಮೇಲಿನ ಒಂದು ಎಕರೆ, ಬಿತ್ತಿದರೂ ಬೀಜ ಹುಟ್ಟದ ಭಾಗ ಇರುತ್ತದಲ್ಲ, ಅದನ್ನು ಮರಕ್ಕೆ ಬಿಡಿ. ಅದರಲ್ಲಿ ರಕ್ತಚಂದನ 40–50, ಹೆಚ್ಚು ಬೇಡ. ಜೊತೆಗೆ ಬೇವು, ಒಂದು ಹತ್ತು ಕಸಿ ಹುಣಸೆ, ಇಳಿಜಾರಿಗೆ ಅಡ್ಡವಾಗಿ ಸೀತಾಫಲ. ಸೀತಾಫಲ ಮೂರು ನಾಲ್ಕು ವರ್ಷಕ್ಕೆ ಬುಟ್ಟಿ ತುಂಬಿಸುತ್ತದೆ, ಹುಣಸೆ ಆಮೇಲೆ ನಿಮ್ಮ ಕಾಲಕ್ಕೇ ಕೈಗೆ ಬರುತ್ತದೆ. ರಕ್ತಚಂದನ ಮೊಮ್ಮಕ್ಕಳ ಕಾಲಕ್ಕೆ. ಅದು ಕೈಕೊಟ್ಟರೂ ಹೊಲ ಕೈಕೊಟ್ಟಿರುವುದಿಲ್ಲ.

ಕಮರ ಎಂದಿದ್ದೆನಲ್ಲ. ಕಡಪದಲ್ಲಿ ರಕ್ತಚಂದನದ ನೆರೆಯವನಾದ ಈ ಮರ ಅನಂತಪುರ, ಬಳ್ಳಾರಿ, ಚಿತ್ರದುರ್ಗದ ಒಣಗುಡ್ಡಗಳಲ್ಲೂ ತಾನಾಗಿಯೇ ಇದೆ, ಅಂದರೆ ಇದು ನಮ್ಮ ಸೀಮೆಯದೇ. ಎರಡೆರಡು ಎಲೆ ಚಿಟ್ಟೆಯ ರೆಕ್ಕೆಯಂತೆ ಜೋಡಿಯಾಗಿರುತ್ತವೆ. ದೇಶದ ಅತ್ಯಂತ ಭಾರದ, ಗಟ್ಟಿಯಾದ ಮರಗಳಲ್ಲಿ ಒಂದು. ಎಲೆ ದನಕ್ಕೆ ಮೇವು, ತೊಗಟೆಯ ನಾರಿನಿಂದ ಹಿಂದೆ ಹಗ್ಗ ಹೊಸೆಯುತ್ತಿದ್ದರು. ತಾಯಿಬೇರು ಸಸಿಯ ಎತ್ತರಕ್ಕಿಂತ ಮೊದಲೇ ಪಾತಾಳಕ್ಕೆ ಇಳಿಯುವುದರಿಂದ ಚೀಲದಲ್ಲಿ ಬೆಳೆಸಿದರೆ ಬೇರು ಸುರುಳಿ ಸುತ್ತುತ್ತದೆ. ಮಳೆ ಬಿದ್ದ ಮೇಲೆ ಬೀಜವನ್ನೇ ಗುಂಡಿಗೆ ಹಾಕುವುದು ಒಳ್ಳೆಯದು. ಬೀಜ ಪ್ರತಿ ವರ್ಷ ಸಿಕ್ಕುವುದಿಲ್ಲ, ಸಿಕ್ಕ ವರ್ಷ ಬಿಡಬೇಡಿ. ಇದರ ಮೇಲೆ ಕೋಟಿಯ ಕಥೆ ಯಾರೂ ಕಟ್ಟಿಲ್ಲ, ಆದರೆ ಮರಡಿಯಲ್ಲಿ ಬದುಕುವ ಭರವಸೆ ರಕ್ತಚಂದನಕ್ಕಿಂತ ಇದಕ್ಕೇ ಹೆಚ್ಚು.

ಅದೇ ಏಜೆಂಟರು ನಾಳೆ ಮಹಾಗನಿ ತರುತ್ತಾರೆ. ಅದು ಮಧ್ಯ ಅಮೆರಿಕ, ಅಮೆಜಾನ್ ಕಡೆಯ ಮಳೆಕಾಡಿನ ಮರ, ತುದಿ ಕೊರೆಯುವ ಹುಳುವಿನ ಕಾಟ ಬೇರೆ. ಕುಷ್ಟಗಿಯ ಮರಡಿಗೆ ಅದನ್ನು ಹೊಂದಿಸುವ ಮಾತೇ ಬೇಡ.

ಹಚ್ಚುವುದಾದರೆ ಸಸಿಯನ್ನು ಅರಣ್ಯ ಇಲಾಖೆಯ ನರ್ಸರಿಯಲ್ಲಿ ಮೊದಲೇ ಹೇಳಿಟ್ಟು ತನ್ನಿ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ನೋಂದಾಯಿಸಿದರೆ ಬದುಕುಳಿದ ಸಸಿಗಳಿಗೆ ಮೂರು ವರ್ಷ ಪ್ರೋತ್ಸಾಹಧನವೂ ಬರುತ್ತದೆ. ಯಾವ ಯಾವ ಜಾತಿಗೆ ಎಂಬುದನ್ನು ಅಲ್ಲೇ ಕೇಳಿಕೊಳ್ಳಿ. ಸಸಿ ಕೊಳ್ಳುವಾಗ ಎಲೆ ಎಣಿಸಿ. ರಕ್ತಚಂದನದ ಒಂದು ತೊಟ್ಟಿನಲ್ಲಿ ಮೂರು ಅಗಲವಾದ ಎಲೆ, ಅಪರೂಪಕ್ಕೆ ಐದು, ತುದಿ ಚೂರು ಒಳಸರಿದಂತೆ. ಐದರಿಂದ ಏಳು ಎಲೆ ಇದ್ದರೆ ಅದು ಹೊನ್ನೆ. ಹುಣಸೆಯ ಹಾಗೆ ಸಣ್ಣ ಸಣ್ಣ ಎಲೆಗಳ ಗರಿಯಿದ್ದರೆ ಅದು ಆನೆಗುಲಗಂಜಿ. ಹೊಳೆಯುವ ಕೆಂಪು ಬೀಜ ತೋರಿಸಿ ಅದನ್ನೂ ರಕ್ತಚಂದನವೆಂದೇ ಮಾರುವವರಿದ್ದಾರೆ. ಅಸಲಿಯ ಕಾಯಿ ಹಪ್ಪಳದಂತೆ ಚಪ್ಪಟೆ, ಸುತ್ತ ರೆಕ್ಕೆ.

ಏಪ್ರಿಲ್‌ನಲ್ಲಿ ಎರಡಡಿ ಗುಂಡಿ ತೋಡಿ ಬಿಸಿಲಿಗೆ ಬಿಡಿ. ಜೂನ್‌–ಜುಲೈಯಲ್ಲಿ ಎರಡು ಒಳ್ಳೆಯ ಮಳೆಯಾದ ಮೇಲೆ ಹಚ್ಚಿ, ಕೆಳಮಗ್ಗುಲಿಗೆ ಅರ್ಧಚಂದ್ರದ ಒಡ್ಡು ಹಾಕಿ. ಕುರಿ–ಮೇಕೆಗೆ ಇದರ ಎಲೆ ಪ್ರಿಯ, ಮರಡಿಯಲ್ಲಿ ಅವುಗಳ ದಾರಿಯೂ ಇರುತ್ತದೆ. ಎದೆಮಟ್ಟ ಬೆಳೆಯುವವರೆಗೆ ಜಾಲಿಮುಳ್ಳಿನ ಬೇಲಿ ಬೇಕು. ಬೇಸಿಗೆಯ ಬೆಂಕಿ ಬಾರದಂತೆ ಸುತ್ತ ಹುಲ್ಲು ಕೆತ್ತಿ. ಮೊದಲ ಎರಡು ಬೇಸಿಗೆ ವಾರಕ್ಕೊಂದು ಕೊಡ ನೀರು, ಮೂರನೆಯ ವರ್ಷದಿಂದ ನಿಲ್ಲಿಸಿಬಿಡಿ. ಕರುಣೆ ತೋರಿಸಿ ಡ್ರಿಪ್ ಹಾಕಬೇಡಿ. ಬಲಿತ ಮೇಲೆ ಕಳ್ಳರ ಭಯ ಇದ್ದೇ ಇರುತ್ತದೆ. ಮನೆಯಿಂದ ಕಣ್ಣಿಗೆ ಬೀಳುವ ಹೊಲವಾದರೆ ಆ ಭಯ ಅರ್ಧ.

ಇನ್ನು ಮಗನ ‘ಹಚ್ಚಿ ಮರೆತುಬಿಡೋಣ’. ಮೂರನೆಯ ವರ್ಷದ ಮೇಲೆ ಅವನು ಮರೆಯಬಹುದು, ನನ್ನ ತಕರಾರಿಲ್ಲ. ಅದಕ್ಕೂ ಮೊದಲು ಎರಡು ಬೇಸಿಗೆ ಇವೆ, ಐವತ್ತು ಸಸಿ, ವಾರಕ್ಕೆ ಐವತ್ತು ಕೊಡ, ಅದೂ ಏರುದಾರಿ. ಯುಗಾದಿಗೆ ಊರಿಗೆ ಬಂದಾಗ ಒಂದು ವಾರ ರಜೆ ಹೆಚ್ಚು ಹಾಕಿ ಬರಲು ಹೇಳಿ.